ಜಾಲತಾಣದ ಬಾಗಿಲಲ್ಲಿ ನೂಕುನುಗ್ಗಲು

ಸರಕಾರದ ಒಂದು ಕಚೇರಿಯು ಹಾಡುಹಗಲಲ್ಲಿ, ಕಾರಣವನ್ನು ತಿಳಿಸದೆ, ತನ್ನ ಬಾಗಿಲನ್ನು ಮುಚ್ಚಿಕೊಂಡರೆ ಜನರು ಸುಮ್ಮನಿರಲಾರರು. ಅರ್ಜಿಗಳು ಹೋಗುವವು; ಸಭೆಗಳು ಕೂಡುವವು; ಪತ್ರಿಕೆಗಳಲ್ಲಿ ಖಂಡನೆಗಳು ಪ್ರಕಟವಾಗುವವು. ಆದರೆ ಅದೇ ಕಚೇರಿಯು ಜಾಲತಾಣದ ರೂಪವನ್ನು ತಾಳಿ, ಜನರಿಗೆ ಅದರ ಅವಶ್ಯಕತೆಯು ಅತ್ಯಂತ ಹೆಚ್ಚಾಗಿರುವ ಗಳಿಗೆಯಲ್ಲಿಯೇ ತೆರೆಯದೆ ಹೋದರೆ, ಕಿಟಕಿಯ ಹಿಂದಿನ ಕಾರಕೂನನು "ಸರ್ವರ್ ಬಿಜಿ ಇದೆ, ನಾಳೆ ಬನ್ನಿರಿ" ಎಂದು ಹೇಳುವನು. ನಾವೂ ಮಳೆ ಬಾರದ ಮುಗಿಲನ್ನು ನೋಡಿ ನಿಟ್ಟುಸಿರು ಬಿಡುವವರಂತೆ ಹಿಂದಿರುಗುವೆವು. ಎರಡೂ ಪ್ರಸಂಗಗಳಲ್ಲಿ ಪ್ರಜೆಗೆ ಆಗುವ ಹಾನಿಯು ಒಂದೇ. ಹೀಗಿರಲು ಒಂದಕ್ಕೆ ಸಿಟ್ಟು, ಇನ್ನೊಂದಕ್ಕೆ ಸಹನೆ. ಇದು ಯಾವ ನ್ಯಾಯ?

ಈ ಸಹನೆಗೆ ವಿಷಯದ ಅಪರಿಚಯವೇ ಕಾರಣವೆಂದು ನಮಗೆ ತೋರುವದು. ಬೆಳೆಯುತ್ತಿರುವ ಜಾಲತಾಣದ ಮೇಲೆ ಬೀಳುವ ಭಾರವನ್ನು ನಾವು ದೈವಿಕವಾದ ಉತ್ಪಾತಗಳ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ವಾಸ್ತವದಲ್ಲಿ ಆ ಭಾರಕ್ಕೆ ಕಾರಣಗಳುಂಟು, ಲೆಕ್ಕವುಂಟು, ಪರಿಹಾರೋಪಾಯಗಳೂ ಉಂಟು. ಅವುಗಳನ್ನು ಸಾಮಾನ್ಯ ವಾಚಕನು ತಿಳಿದುಕೊಳ್ಳದ ಹೊರತು ಅಧಿಕಾರಿಗಳನ್ನು ಸರಿಯಾದ ಪ್ರಶ್ನೆ ಕೇಳಲಾರನು. ಆದುದರಿಂದ ಈ ಶುಷ್ಕವೆಂದು ಕಾಣುವ ವಿಷಯವನ್ನು ಇಂದು ಎತ್ತಿಕೊಂಡಿದ್ದೇವೆ.

ಭಾರವು ಹೇಗೆ ಏರುವದು?

ಸರ್ವರ್ ಎಂಬದು ಕೇಳಿದವರಿಗೆ ಕೇಳಿದ ಕಾಗದವನ್ನು ತೆಗೆದುಕೊಡುವ ಒಂದು ಕಂಪ್ಯೂಟರು. ಕಚೇರಿಯ ಭಾಷೆಯಲ್ಲಿಯೇ ಹೇಳುವದಾದರೆ, ಕಿಟಕಿಯಲ್ಲಿ ಕುಳಿತ ಕಾರಕೂನನೊಬ್ಬ, ಅವನ ಹಿಂದೆ ಒಂದು ದಫ್ತರ. ಕಿಟಕಿಯ ಕೆಲಸವನ್ನು ಒಂದು ಪ್ರೋಗ್ರಾಮು ಮಾಡುವದು. ದಫ್ತರಕ್ಕೆ ಡೇಟಾಬೇಸ್ ಎಂದು ಹೆಸರು. ಬಂದವನ ಪ್ರಶ್ನೆಯನ್ನು ಕಾರಕೂನನು ಓದಬೇಕು, ದಫ್ತರವನ್ನು ಬಿಚ್ಚಿ ಹುಡುಕಬೇಕು, ಉತ್ತರವನ್ನು ಅಂದವಾಗಿ ಬರೆದು ಕೊಡಬೇಕು. ಈ ಎಲ್ಲವೂ ಕ್ಷಣಮಾತ್ರದಲ್ಲಿ ಆಗುವದೆಂಬದು ನಿಜ. ಆದರೆ ಕ್ಷಣವೂ ಕಾಲವೇ ಸರಿ. ಒಂದೇ ಕ್ಷಣದಲ್ಲಿ ಲಕ್ಷ ಜನರು ಬಂದು ನಿಂತರೆ ಸಾಲು ಬೆಳೆಯಲೇಬೇಕು.

ಸಾಲಿನ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದವನು ಡೆನ್ಮಾರ್ಕ್ ದೇಶದ ಎ. ಕೆ. ಅರ್ಲಾಂಗ್ ಎಂಬ ಗಣಿತಜ್ಞನು. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆತನು 1909ರಲ್ಲಿ ಟೆಲಿಫೋನ್ ಕರೆಗಳ ನೂಕುನುಗ್ಗಲನ್ನು ಕುರಿತು ತನ್ನ ಮೊದಲ ಪ್ರಬಂಧವನ್ನು ಪ್ರಕಟಿಸಿದನು. ಆ ತಳಹದಿಯ ಮೇಲೆ ಬೆಳೆದ ಶಾಸ್ತ್ರವು ಹೇಳುವ ಒಂದು ಮಾತು ಪ್ರತಿಯೊಬ್ಬ ಅಧಿಕಾರಿಯ ಮೇಜಿನ ಮೇಲೆ ಇರತಕ್ಕದ್ದು. ಕಿಟಕಿ ಒಂದೇ ಇರುವದೆಂದೂ, ಜನರು ನಿಯಮವಿಲ್ಲದೆ ಬಂದಂತೆ ಬರುವರೆಂದೂ, ಒಬ್ಬೊಬ್ಬರ ಕೆಲಸಕ್ಕೆ ಹಿಡಿಯುವ ಹೊತ್ತಿನಲ್ಲಿ ಏರಿಳಿತವಿರುವದೆಂದೂ ಇಟ್ಟುಕೊಳ್ಳೋಣ. ಯಂತ್ರವು ತನ್ನ ಶಕ್ತಿಯಲ್ಲಿ ನೂರಕ್ಕೆ 50ರಷ್ಟು ದುಡಿಯುತ್ತಿರುವಾಗ, ಬಂದವನು ಸರಾಸರಿ ಒಂದು ಕೆಲಸ ಮುಗಿಯುವಷ್ಟು ಹೊತ್ತು ಕಾಯುವನು. ಶೇಕಡಾ 80 ಆದಾಗ ನಾಲ್ಕು ಕೆಲಸಗಳಷ್ಟು ಹೊತ್ತು. 90 ಆದಾಗ ಒಂಬತ್ತು. 95 ಆದಾಗ 19. 99 ಆದಾಗ 99. ಎಂದರೆ, ಕೊನೆಯ ಘಟ್ಟದಲ್ಲಿ ಜನರು ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಕಾಯುವ ಹೊತ್ತು ಹನ್ನೊಂದು ಪಟ್ಟಾಗುವದು. "ನಿನ್ನೆಯವರೆಗೂ ಚೆನ್ನಾಗಿಯೇ ಇತ್ತು, ಇಂದು ಒಮ್ಮೆಲೆ ಕೆಟ್ಟಿತು" ಎಂದು ಅಧಿಕಾರಿಗಳು ಆಶ್ಚರ್ಯಪಡುವದಕ್ಕೆ ಇದೇ ಮೂಲವು. ಕೆಟ್ಟದ್ದು ಒಮ್ಮೆಲೆ ಅಲ್ಲ. ಅಂಚಿಗೆ ಬಂದು ನಿಂತಿದ್ದುದನ್ನು ಯಾರೂ ಅಳೆದು ನೋಡಿರಲಿಲ್ಲ, ಅಷ್ಟೆ.

ಇದಕ್ಕೆ ಇನ್ನೊಂದು ಪೀಡೆಯೂ ಕೂಡಿಕೊಳ್ಳುವದು. ಕಚೇರಿಯಲ್ಲಿ ಸಾಲು ಕಣ್ಣಿಗೆ ಕಾಣುವದರಿಂದ ಮನುಷ್ಯನು ತಾಳ್ಮೆಯಿಂದ ನಿಲ್ಲುವನು. ಜಾಲತಾಣದಲ್ಲಿ ಸಾಲು ಕಾಣುವದಿಲ್ಲ. ಉತ್ತರ ಬಾರದಿದ್ದರೆ ಆತನು ಮತ್ತೆ ಒತ್ತುವನು, ಮಗನ ಫೋನಿನಿಂದಲೂ ಒತ್ತಿಸುವನು. ಹೀಗೆ ಒಬ್ಬ ಮನುಷ್ಯನು ಸಾಲಿನಲ್ಲಿ ಹತ್ತು ಜನರಾಗಿ ನಿಲ್ಲುವನು. ಯಂತ್ರವು ಅವನು ಬಿಟ್ಟುಹೋದ ಒಂಬತ್ತು ಪ್ರಶ್ನೆಗಳಿಗೂ ಉತ್ತರ ಬರೆಯುತ್ತ ಬಳಲುವದು.

ಓದುವ ಭಾರ, ಪಡೆಯುವ ಭಾರ

ಪರಿಹಾರವನ್ನು ಹುಡುಕುವ ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವದು ಅವಶ್ಯವು. ಜಾಲತಾಣಕ್ಕೆ ಬರುವವರಲ್ಲಿ ಓದುವದಕ್ಕೆ ಬರುವವರು ಒಂದು ವರ್ಗ. ಏನನ್ನಾದರೂ ಪಡೆಯುವದಕ್ಕೆ ಅಥವಾ ಬರೆಯಿಸುವದಕ್ಕೆ ಬರುವವರು ಇನ್ನೊಂದು ವರ್ಗ. ಮೊದಲಿನವರಿಗೆ ನಕಲು ಸಾಕು. ಎರಡನೆಯವರಿಗೆ ಮೂಲ ದಫ್ತರವೇ ಬೇಕು.

ಓದುವ ಭಾರವನ್ನು ಕಡಿಮೆ ಹಣದಲ್ಲಿ ಹೊತ್ತವರಲ್ಲಿ ವಿಕಿಪೀಡಿಯವು ಒಳ್ಳೆಯ ಉದಾಹರಣೆಯಾಗಿದೆ. 2001ನೆಯ ಇಸವಿಯ ಜನವರಿ 15ರಂದು ಹುಟ್ಟಿದ ಈ ವಿಶ್ವಕೋಶವು ಮೊದಲಿನ ಕೆಲವು ವರ್ಷ ಒಂದೆರಡು ಯಂತ್ರಗಳ ಮೇಲೆಯೇ ನಡೆಯಿತು. 2003ರಲ್ಲಿ ಕನ್ನಡದ ಆವೃತ್ತಿಯೂ ಆರಂಭವಾಯಿತು. ವಾಚಕರು ಬೆಳೆದಂತೆ ಯಂತ್ರಗಳು ಏದುಸಿರು ಬಿಡತೊಡಗಿದವು. ಜನರ ದೇಣಿಗೆಯಿಂದ ನಡೆಯುವ ಸಂಸ್ಥೆಯಾದುದರಿಂದ ಹೊಸ ಯಂತ್ರಗಳನ್ನು ರಾಶಿ ಹಾಕುವ ಸಾಮರ್ಥ್ಯವಿರಲಿಲ್ಲ, ಬುದ್ಧಿಯನ್ನು ಉಪಯೋಗಿಸಬೇಕಾಯಿತು.

ಅವರು ಮಾಡಿದ ಮೊದಲನೆಯ ಕೆಲಸವೆಂದರೆ, ಒಮ್ಮೆ ಸಿದ್ಧವಾದ ಪುಟವನ್ನು ಎಸೆಯದೆ ಮುಂಬಾಗಿಲಲ್ಲಿಯೇ ಇಟ್ಟುಕೊಳ್ಳುವದು. ಒಂದೇ ಲೇಖನವನ್ನು ಸಾವಿರ ಜನರು ಕೇಳಿದರೆ ಸಾವಿರ ಸಲ ದಫ್ತರವನ್ನು ಬಿಚ್ಚುವದೇಕೆ? ಒಂದು ಸಲ ಬರೆದದ್ದರ ನಕಲನ್ನು ಎಲ್ಲರಿಗೂ ಕೊಟ್ಟರಾಯಿತು. ಈ ಸಂಗ್ರಹಕ್ಕೆ ಕ್ಯಾಶ್ ಎಂದು ಹೆಸರು. 2004ರಲ್ಲಿ ಸ್ಕ್ವಿಡ್ ಎಂಬ ಉಚಿತ ಪ್ರೋಗ್ರಾಮನ್ನು ಅವರು ಈ ಕೆಲಸಕ್ಕೆ ನಿಯಮಿಸಿದರು. ದಫ್ತರದಿಂದ ಪದೇ ಪದೇ ಬೇಕಾಗುವ ಚೂರುಪಾರು ವಿವರಗಳನ್ನು ಯಂತ್ರದ ಸ್ಮೃತಿಯಲ್ಲಿಯೇ ಹಿಡಿದಿಡುವ ಮೆಮ್‌ಕ್ಯಾಶ್‌ಡ್ ಎಂಬದನ್ನೂ ಬಳಸಿದರು. ಇದು 2003ರಲ್ಲಿ ಬ್ರ್ಯಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ತರುಣನು ಲೈವ್‌ಜರ್ನಲ್ ಎಂಬ ತನ್ನ ಜಾಲತಾಣದ ಭಾರವನ್ನು ಇಳಿಸುವದಕ್ಕಾಗಿ ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟ ಸಾಧನವು. ಎರಡನೆಯದಾಗಿ, ದಫ್ತರವನ್ನೇ ಅನೇಕ ಪ್ರತಿಗಳನ್ನಾಗಿ ಮಾಡಿದರು. ಬರೆಯುವದೆಲ್ಲ ಒಂದು ಮುಖ್ಯ ಪ್ರತಿಯಲ್ಲಿ. ಓದುವದೆಲ್ಲ ಉಳಿದ ಪ್ರತಿಗಳಲ್ಲಿ. ಮೂರನೆಯದಾಗಿ, ನೂಕು ವಿಪರೀತವಾದಾಗ ಭಾರವಾದ ಸೌಕರ್ಯಗಳನ್ನು ತಾವೇ ನಿಲ್ಲಿಸಿದರು. ಲೇಖನಗಳ ಒಳಗೆ ಪದಗಳನ್ನು ಹುಡುಕುವ ಸೌಲಭ್ಯವನ್ನು ಮುಚ್ಚಿ, "ಗೂಗಲಿನಲ್ಲಿ ಹುಡುಕಿರಿ" ಎಂದು ವಾಚಕರನ್ನು ಅತ್ತ ಕಳುಹಿಸಿದ ದಿನಗಳುಂಟು. ಊಟದ ಪಂಕ್ತಿಗೆ ಅನಿರೀಕ್ಷಿತವಾಗಿ ಜನ ಬಂದಾಗ ಗೃಹಿಣಿಯು ಹೋಳಿಗೆಯನ್ನು ಬಿಟ್ಟು ಅನ್ನ-ಸಾರಿನಿಂದ ಎಲ್ಲರ ಹೊಟ್ಟೆ ತುಂಬಿಸುವ ವಿವೇಕವಿದು.

ಆದರೂ 2009ರ ಜೂನ್ 25ರಂದು ಅವರ ಕ್ಯಾಶು ಸೋತಿತು. ಅಂದು ಗಾಯಕ ಮೈಕಲ್ ಜ್ಯಾಕ್ಸನ್ ತೀರಿಕೊಂಡ ವಾರ್ತೆಯು ಹಬ್ಬಿ, ಲಕ್ಷಾಂತರ ಜನರು ಒಂದೇ ಲೇಖನದ ಮೇಲೆ ಬಿದ್ದರು. ಅದೇ ಹೊತ್ತಿಗೆ ಸಂಪಾದಕರು ಆ ಲೇಖನವನ್ನು ತಿದ್ದುತ್ತಲೇ ಇದ್ದರು. ತಿದ್ದಿದ ಪ್ರತಿಸಲವೂ ಹಳೆಯ ನಕಲು ರದ್ದಾಯಿತು. ಆಗ ನೂರಾರು ಯಂತ್ರಗಳು, ಒಂದಕ್ಕೆ ಇನ್ನೊಂದರ ಅರಿವಿಲ್ಲದೆ, ಆ ಒಂದೇ ಉದ್ದವಾದ ಪುಟವನ್ನು ಹೊಸದಾಗಿ ಸಿದ್ಧಪಡಿಸಲು ತೊಡಗಿ ಎಲ್ಲವೂ ಕುಸಿದವು. ಇದರಿಂದ ಕಲಿತ ಪಾಠದ ಫಲವಾಗಿ ಪೂಲ್‌ಕೌಂಟರ್ ಎಂಬ ಏರ್ಪಾಡು ಬಂದಿತು. ಒಂದು ಪುಟವನ್ನು ಕೆಲವೇ ಯಂತ್ರಗಳು ಸಿದ್ಧಪಡಿಸಲಿ, ಉಳಿದವು ಕಾಯಲಿ, ಇಲ್ಲವೆ ಸ್ವಲ್ಪ ಹಳೆಯದಾದ ಪ್ರತಿಯನ್ನೇ ಕೊಡಲಿ ಎಂಬದೇ ಅದರ ತತ್ತ್ವವು. ಬಾಗಿಲು ಮುಚ್ಚಿಕೊಳ್ಳುವದಕ್ಕಿಂತ ಐದು ನಿಮಿಷ ಹಳೆಯದಾದ ಉತ್ತರವು ಮೇಲಲ್ಲವೆ?

ಬರ್ತು ಒಂದೇ, ಬೇಡುವವರು ನೂರು

ಈಗ ಎರಡನೆಯ ವರ್ಗಕ್ಕೆ ಬರೋಣ. ವಿಶ್ವಕೋಶದ ಪುಟಕ್ಕೆ ಕೋಟಿ ನಕಲು ಮಾಡಬಹುದು. ರೈಲಿನ ಒಂದು ಬರ್ತಿಗೆ ಎರಡನೆಯ ನಕಲನ್ನು ಬ್ರಹ್ಮನೂ ಮಾಡಲಾರನು. ಇಬ್ಬರಿಗೆ ಅದನ್ನು ಬರೆದುಕೊಟ್ಟರೆ ಹಳಿಯ ಮೇಲೆ ಜಗಳವಾಗುವದು. ಆದುದರಿಂದ ಅಂತಿಮವಾಗಿ ಎಲ್ಲರೂ ಒಂದೇ ದಫ್ತರದ ಮುಂದೆ ಬಂದು ನಿಲ್ಲಲೇಬೇಕು.

ನಮ್ಮ ರೈಲ್ವೆಯ ಕಾದಿರಿಸುವಿಕೆಯ ದಫ್ತರಗಳು ದೆಹಲಿ, ಮುಂಬಯಿ, ಕಲಕತ್ತೆ, ಚೆನ್ನೈ, ಸಿಕಂದರಾಬಾದಗಳೆಂಬ ಐದು ಕೇಂದ್ರಗಳಲ್ಲಿ ಬೆಳೆದು, 1999ರಲ್ಲಿ ಒಂದಕ್ಕೊಂದು ಜೋಡಿಸಲ್ಪಟ್ಟವು. 2002ರ ಆಗಸ್ಟ್ 3ರಂದು ಐ.ಆರ್.ಸಿ.ಟಿ.ಸಿ. ಸಂಸ್ಥೆಯು ಜಾಲತಾಣದ ಮೂಲಕ ಟಿಕೀಟುಗಳನ್ನು ಕೊಡಲಾರಂಭಿಸಿತು. ಮನೆಯಲ್ಲಿ ಕುಳಿತು ಟಿಕೀಟು ಪಡೆಯುವ ಸುಖವನ್ನು ಜನರು ಬೇಗನೆ ಕಲಿತರು. ಅದರೊಡನೆ ಮುಂಜಾನೆ ತತ್ಕಾಲ್ ಟಿಕೀಟಿನ ಗಳಿಗೆಯಲ್ಲಿ ಪರದೆಯ ಮೇಲೆ ಚಕ್ರವು ತಿರುಗುತ್ತಲೇ ಇರುವ ದುಃಖವನ್ನೂ ಕಂಡರು. 2014ರಲ್ಲಿ ಹೊಸ ಏರ್ಪಾಡು ಬಂದು, ನಿಮಿಷಕ್ಕೆ 2,000 ಟಿಕೀಟುಗಳಿದ್ದ ಸಾಮರ್ಥ್ಯವು 7,200ಕ್ಕೆ ಏರಿತು. ರೈಲ್ವೆ ಇಲಾಖೆಯ ಪ್ರಕಟಣೆಯಂತೆ 2025ರ ಮೇ 22ರ ಬೆಳಗಿನ 10 ಗಂಟೆಗೆ ಒಂದೇ ನಿಮಿಷದಲ್ಲಿ 31,814 ಟಿಕೀಟುಗಳು ಹೋದವು. ಇದು ಶ್ಲಾಘನೀಯವಾದ ಪ್ರಗತಿಯೆಂಬದರಲ್ಲಿ ಸಂಶಯವಿಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತಲೂ ಜಾಣತನದ ಕೆಲಸವು, ಒಂದು ಯಂತ್ರವನ್ನೂ ಕೊಳ್ಳದೆ 2015ರ ಜೂನ್ ತಿಂಗಳಲ್ಲಿ ನಡೆಯಿತು. ಹವಾನಿಯಂತ್ರಿತ ದರ್ಜೆಗಳ ತತ್ಕಾಲ್ ಟಿಕೀಟುಗಳನ್ನು 10 ಗಂಟೆಗೂ, ಉಳಿದ ದರ್ಜೆಗಳ ಟಿಕೀಟುಗಳನ್ನು 11 ಗಂಟೆಗೂ ತೆರೆಯುವಂತೆ ಆಗ ಗೊತ್ತುಮಾಡಿದರು. ಒಂದೇ ಗಳಿಗೆಯಲ್ಲಿ ಉಕ್ಕುತ್ತಿದ್ದ ಹೊಳೆಯು ಎರಡು ಕಾಲುವೆಗಳಾಗಿ ಹರಿಯಿತು. ನೂಕನ್ನು ಹುಟ್ಟಿಸುವದು ಅನೇಕ ವೇಳೆ ಜನರ ಸಂಖ್ಯೆಯಲ್ಲ. ಎಲ್ಲರಿಗೂ ಒಂದೇ ಮುಹೂರ್ತವನ್ನು ಇಟ್ಟುಕೊಟ್ಟ ನಿಯಮವು. ನಿಯಮವನ್ನು ಬರೆಯುವ ಅಧಿಕಾರಿಯ ಲೇಖನಿಯ ಒಂದು ಗೀಟಿನಿಂದ ಇಳಿಯುವ ಭಾರವನ್ನು ಇಂಜಿನಿಯರರ ತಲೆಯ ಮೇಲೆ ಹೊರಿಸುವದು ಅನ್ಯಾಯವು.

ಇಲ್ಲಿಯೇ ನ್ಯಾಯದ ಪ್ರಶ್ನೆಯೂ ಏಳುವದು. ಬರ್ತುಗಳು ಕಡಿಮೆ, ಬೇಡುವವರು ಹೆಚ್ಚು ಎಂದಾಗ ಸರ್ವರಿನ ನೂಕಿನಲ್ಲಿ ಗೆಲ್ಲುವವನು ಯಾರು? ಮೊದಲು ಬಂದವನೆಂದು ನಾವು ನಂಬಿದ್ದೇವೆ. ನಿಜವಾಗಿ ಗೆಲ್ಲುವವನು ವೇಗವಾದ ತಂತಿಯುಳ್ಳವನು. ಅವನಿಗಿಂತಲೂ ಮುಂದೆ, ಮನುಷ್ಯನ ವೇಷ ಹಾಕಿಕೊಂಡು ಕ್ಷಣಾರ್ಧದಲ್ಲಿ ಅರ್ಜಿ ತುಂಬುವ ಬಾಟ್ ಎಂಬ ಕಳ್ಳ ಪ್ರೋಗ್ರಾಮು. ತತ್ಕಾಲ್ ತೆರೆದ ಮೊದಲಿನ ಐದು ನಿಮಿಷಗಳಲ್ಲಿ ಒಳಬರಲು ಯತ್ನಿಸುವವರ ಪೈಕಿ ಅರ್ಧದವರೆಗೂ ಇಂಥ ಬಾಟುಗಳೇ ಇರುತ್ತಿದ್ದವೆಂದು ರೈಲ್ವೆ ಇಲಾಖೆಯೇ 2025ರಲ್ಲಿ ಹೊರಗೆಡಹಿತು. ಅವುಗಳನ್ನು ತಡೆಯುವ ಏರ್ಪಾಡನ್ನು ಮಾಡಿ, ಎರಡೂವರೆ ಕೋಟಿಗೂ ಹೆಚ್ಚಿನ ಸಂಶಯಾಸ್ಪದ ಖಾತೆಗಳನ್ನು ನಿಲ್ಲಿಸಿದುದಾಗಿ ತಿಳಿಸಿತು. ಆ ವರ್ಷದ ಜುಲೈ 1ರಿಂದ ತತ್ಕಾಲ್ ಟಿಕೀಟಿಗೆ ಆಧಾರ್ ದೃಢೀಕರಣವನ್ನು ಕಡ್ಡಾಯಪಡಿಸಿ, ಮೊದಲ ಅರ್ಧ ಗಂಟೆ ಏಜಂಟರನ್ನು ದೂರವಿಟ್ಟಿತು. ಎಂದರೆ ಎಷ್ಟೋ ವರ್ಷ ಜನರು "ಸರ್ವರ್ ಬಿಜಿ" ಎಂದು ನಂಬಿದ್ದ ಭಾರದಲ್ಲಿ ಒಂದು ದೊಡ್ಡ ಭಾಗವು ಜನರದಾಗಿಯೇ ಇರಲಿಲ್ಲ. ಭಾರವನ್ನು ಹೊರುವ ಮೊದಲು ಅದು ಯಾರದೆಂದು ನೋಡತಕ್ಕದ್ದೆಂಬುವದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ದೂರದ ಒಂದು ಪಾಠ, ಹತ್ತಿರದ ಒಂದು ಪಾಠ

ಹಣವೊಂದೇ ಪರಿಹಾರವೆಂದು ತಿಳಿಯುವವರು ಅಮೇರಿಕೆಯ ಕಡೆಗೆ ನೋಡಬೇಕು. 2013ರ ಅಕ್ಟೋಬರ್ 1ರಂದು ಆ ದೇಶದ ಸರಕಾರವು ಆರೋಗ್ಯ ವಿಮೆಯನ್ನು ಕೊಳ್ಳುವದಕ್ಕಾಗಿ ಹೆಲ್ತ್‌ಕೇರ್ ಡಾಟ್ ಗವ್ ಎಂಬ ಜಾಲತಾಣವನ್ನು ತೆರೆಯಿತು. ಏಕಕಾಲಕ್ಕೆ ಐವತ್ತು-ಅರವತ್ತು ಸಾವಿರ ಜನರು ಬರುವರೆಂದು ಎಣಿಸಿದ್ದ ಕಡೆ ಎರಡೂವರೆ ಲಕ್ಷ ಜನರು ಬಂದರು. ಮೊದಲ ದಿನ ವಿಮೆಯನ್ನು ಪಡೆದು ಹೊರಬಂದವರು ಕೇವಲ ಆರು ಜನರೆಂದು ಬಳಿಕ ಪ್ರಕಟವಾಯಿತು! ದೋಷಗಳು ಅನೇಕವಿದ್ದವು. ಅವುಗಳಲ್ಲಿ ನಮಗೆ ಪಾಠವಾಗತಕ್ಕದ್ದು ಇದು: ಬೆಲೆಯನ್ನು ನೋಡಿ ಹೋಗಲು ಬಂದವನು ಕೂಡ ಮೊದಲು ಹೆಸರನ್ನು ನೋಂದಾಯಿಸಿ ಖಾತೆ ತೆರೆಯಬೇಕೆಂದು ನಿಯಮವಿತ್ತು. ಓದುವವನನ್ನೂ ಕೊಳ್ಳುವವನನ್ನೂ ಒಂದೇ ಇಕ್ಕಟ್ಟಾದ ಬಾಗಿಲಲ್ಲಿ ನಿಲ್ಲಿಸಿದುದರಿಂದ ಇಬ್ಬರೂ ಹೊರಗುಳಿದರು. ಮುಂದೆ ಜೆಫ್ ಝಿಯಂಟ್ಸ್ ಎಂಬವರ ನೇತೃತ್ವದಲ್ಲಿ ರಿಪೇರಿ ನಡೆಯಿತು. ಬೆಲೆಯನ್ನು ಖಾತೆಯಿಲ್ಲದೆ ನೋಡುವ ಅನುಕೂಲವನ್ನು ಒದಗಿಸಿದರು. ನೂಕು ಹೆಚ್ಚಾದಾಗ ಜನರನ್ನು ಸರದಿಯಲ್ಲಿ ಕೂಡಿಸುವ ಕಾಯುವ ಕೋಣೆಯಂಥ ಏರ್ಪಾಡನ್ನೂ ಮಾಡಿದರು.

ನಮ್ಮ ನಾಡಿನಲ್ಲಿಯೇ 2023ರಲ್ಲಿ ಇಂಥ ಪರೀಕ್ಷೆ ನಡೆಯಿತು. ಜೂನ್ 18ರಿಂದ ಗೃಹಜ್ಯೋತಿ ಯೋಜನೆಗೂ, ಜುಲೈ 19ರಿಂದ ಗೃಹಲಕ್ಷ್ಮಿ ಯೋಜನೆಗೂ ನೋಂದಣಿಯು ಆರಂಭವಾದಾಗ ರಾಜ್ಯದ ಉದ್ದಗಲದಲ್ಲಿ ಸರ್ವರಿನ ಮಂದಗತಿಯ ದೂರುಗಳು ಕೇಳಿಬಂದವು. ನೋಂದಣಿಗೆ ಬಂದ ಹೆಣ್ಣುಮಕ್ಕಳು ಸೇವಾಕೇಂದ್ರಗಳ ಮುಂದೆ ಗಂಟೆಗಟ್ಟಲೆ ಕುಳಿತರು. ಕೂಲಿಯ ಹೆಣ್ಣುಮಗಳಿಗೆ ಯಂತ್ರದ ಅರ್ಧ ದಿನದ ಬಳಲಿಕೆಯೆಂದರೆ ಅರ್ಧ ದಿನದ ಕೂಲಿಯೆಂಬದನ್ನು ನಗರದ ಅಧಿಕಾರಿಗಳು ಮರೆಯಲಾಗದು. ಗೃಹಲಕ್ಷ್ಮಿಯ ನೋಂದಣಿಯ ಆರಂಭದಲ್ಲಿ ಪ್ರತಿಯೊಬ್ಬಳಿಗೂ ದಿನ, ಹೊತ್ತು, ಸ್ಥಳಗಳನ್ನು ಫೋನಿನ ಸಂದೇಶದಿಂದ ಮುಂದಾಗಿ ತಿಳಿಸುವ ಕ್ರಮವನ್ನು ಸರಕಾರವು ಇಟ್ಟುಕೊಂಡಿತ್ತು. ಒಂದು ಕೋಟಿಗೂ ಹೆಚ್ಚು ಕುಟುಂಬಗಳ ಕೆಲಸವನ್ನು ಹೀಗೆ ದಿನಗಳಿಗೆ ಹಂಚುವದು ತತ್ತ್ವತಃ ಸರಿಯಾದ ದಾರಿಯು. ಕಡೆಯ ದಿನಾಂಕದ ಹೆದರಿಕೆಯನ್ನು ಹುಟ್ಟಿಸಿ ಎಲ್ಲರನ್ನೂ ಒಂದೇ ದಿನ ಓಡಿಸುವದಕ್ಕಿಂತ, "ನಿಮ್ಮ ಸರದಿಯು ಇಂಥ ದಿನ, ಅಲ್ಲಿಯವರೆಗೆ ನಿಮ್ಮ ಹಕ್ಕಿಗೆ ಚ್ಯುತಿಯಿಲ್ಲ" ಎಂದು ಅಭಯ ಕೊಡುವದು ಎಷ್ಟೋ ಮೇಲು.

ಮಾಡತಕ್ಕದ್ದೇನು?

ಸಾರ್ವಜನಿಕ ಜಾಲತಾಣಗಳನ್ನು ನಡೆಯಿಸುವ ಅಧಿಕಾರಿಗಳ ಮುಂದೆ ಕೆಲವು ಸೂಚನೆಗಳನ್ನು ಇಡಬಯಸುತ್ತೇವೆ.

ಮೊದಲನೆಯದಾಗಿ, ಅಳೆಯಿರಿ. ಕಿಟಕಿಯಲ್ಲಿ ತಡವೋ, ದಫ್ತರದಲ್ಲಿ ತಡವೋ ಎಂದು ತಿಳಿಯದೆ ಯಂತ್ರಗಳನ್ನು ಕೊಳ್ಳುವದು, ನಾಡಿ ನೋಡದೆ ಔಷಧ ಕೊಟ್ಟಂತೆ. ದಫ್ತರದಲ್ಲಿ ಸೂಚಿಯಿಲ್ಲದೆ ಪ್ರತಿಸಲವೂ ಎಲ್ಲ ಹಾಳೆಗಳನ್ನು ತಿರುವುತ್ತಿದ್ದರೆ, ಹತ್ತು ಹೊಸ ಕಿಟಕಿಗಳನ್ನು ತೆರೆದರೆ ಆ ಹತ್ತೂ ಕಿಟಕಿಗಳ ಕಾರಕೂನರು ಅದೇ ದಫ್ತರದ ಮುಂದೆ ಸಾಲು ನಿಲ್ಲುವರು.

ಎರಡನೆಯದಾಗಿ, ಓದುವ ದಾರಿಯನ್ನೂ ಬರೆಯಿಸುವ ದಾರಿಯನ್ನೂ ಬೇರ್ಪಡಿಸಿರಿ. ನಿಯಮಾವಳಿ, ಫಲಿತಾಂಶ, ಕಡೆಯ ದಿನಾಂಕ ಮುಂತಾದುವನ್ನು ನೋಡಲು ಬಂದವನಿಗೆ ನಕಲು ಕೊಟ್ಟು ಕಳುಹಿಸಿರಿ. ಮೂಲ ದಫ್ತರವನ್ನು ಅದರ ಅವಶ್ಯಕತೆಯುಳ್ಳವನಿಗಾಗಿ ಕಾದಿಡಿರಿ.

ಮೂರನೆಯದಾಗಿ, ಸಾಲನ್ನು ಬಚ್ಚಿಡದೆ ತೋರಿಸಿರಿ. "ನಿಮ್ಮ ಮುಂದೆ ಇಷ್ಟು ಜನರಿದ್ದಾರೆ, ಇಷ್ಟು ಹೊತ್ತು ಹಿಡಿಯುವದು" ಎಂಬ ಒಂದು ಸತ್ಯವಾದ ಸಾಲು ಪರದೆಯ ಮೇಲೆ ಮೂಡಿದರೆ ಜನರು ಮತ್ತೆ ಮತ್ತೆ ಒತ್ತಲಾರರು. ಹಣದ ವ್ಯವಹಾರವಿದ್ದಲ್ಲಿ ಪ್ರತಿಯೊಂದು ಬೇಡಿಕೆಗೂ ಒಂದು ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟು, ಎರಡು ಸಲ ಒತ್ತಿದವನ ಹಣವು ಎರಡು ಸಲ ಹೋಗದಂತೆ ನೋಡಿಕೊಳ್ಳಿರಿ.

ನಾಲ್ಕನೆಯದಾಗಿ, ಹಬ್ಬ ಬರುವ ಮೊದಲೇ ತೇರಿನ ಗಾಲಿಯನ್ನು ನೋಡುವಂತೆ, ಯೋಜನೆಯ ದಿನ ಬರುವ ಮೊದಲೇ ಕೃತಕವಾದ ನೂಕನ್ನು ಹುಟ್ಟಿಸಿ ಯಂತ್ರವನ್ನು ಪರೀಕ್ಷಿಸಿರಿ. ಆ ಪರೀಕ್ಷೆಯ ಫಲವನ್ನೂ, ತಿಂಗಳಿಗೆ ಎಷ್ಟು ಗಂಟೆ ಜಾಲತಾಣವು ಮುಚ್ಚಿತ್ತೆಂಬ ಲೆಕ್ಕವನ್ನೂ ಜನರ ಮುಂದೆ ಇಡಿರಿ. ರೈಲು ತಡವಾದರೆ ನಿಲ್ದಾಣದ ಫಲಕದ ಮೇಲೆ ಬರೆಯುವೆವು. ಸರ್ವರ್ ತಡವಾದರೆ ಬರೆಯಬಾರದೇಕೆ?

ಕಡೆಯದಾಗಿ, ಮನುಷ್ಯನು ಕುಳಿತ ಕಿಟಕಿಯನ್ನು ಪೂರ್ತಿಯಾಗಿ ಮುಚ್ಚದಿರಿ. ಮತ್ತು ಯಂತ್ರದ ದೋಷದಿಂದ ಕಡೆಯ ದಿನಾಂಕವನ್ನು ಕಳೆದುಕೊಂಡವನಿಗೆ, ಆತನು ಅರ್ಜಿ ಬರೆದು ಕಾಲು ಹಿಡಿಯಬೇಕಾಗದಂತೆ, ಯಂತ್ರವು ಮುಚ್ಚಿದ್ದಷ್ಟು ದಿನಗಳನ್ನು ತಾನಾಗಿಯೇ ಕೂಡಿಸಿಕೊಡುವ ನಿಯಮವನ್ನು ಮಾಡಿರಿ. ಈ ಒಂದು ನಿಯಮವು ಜಾರಿಯಲ್ಲಿ ಬಂದರೆ ಉಳಿದ ನಾಲ್ಕು ಸೂಚನೆಗಳನ್ನು ಇಲಾಖೆಗಳು ತಾವೇ ಅನುಸರಿಸುವವೆಂದು ನಮ್ಮ ನಂಬಿಕೆ. ಯಾಕಂದರೆ ಈಗ ಸರ್ವರ್ ನಿಂತಾಗ ನಷ್ಟವು ಸಾಲಿನಲ್ಲಿ ನಿಂತವನದು; ಆಗ ಅದು ಸರ್ವರ್ ಇಟ್ಟವನದೂ ಆಗುವದು.

ಜಾಲತಾಣವು ಬೆಳೆಯುವದೆಂದರೆ ಜನರು ಅದನ್ನು ನಂಬುತ್ತಿದ್ದಾರೆಂದು ಅರ್ಥವು. ಆ ನಂಬಿಕೆಗೆ ತಕ್ಕಷ್ಟು ಅಗಲವಾದ ಬಾಗಿಲನ್ನು ಇಡುವದು ರಾಜ್ಯದ ಕರ್ತವ್ಯವೇ ಹೊರತು ಜನರ ಮೇಲೆ ಮಾಡುವ ಉಪಕಾರವಲ್ಲ. ವಾಚಕ ಮಹಾಶಯರು ಇನ್ನು ಮುಂದೆ "ಸರ್ವರ್ ಬಿಜಿ ಇದೆ" ಎಂಬ ಮಾತನ್ನು ಕೇಳಿದಾಗ ಸುಮ್ಮನೆ ಹಿಂದಿರುಗದೆ, ಯಾರಿಂದ ಬಿಜಿ, ಎಂದಿನಿಂದ ಬಿಜಿ, ಅದಕ್ಕೆ ಏನು ಮಾಡಿದಿರಿ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದಲೂ ದೃಢತೆಯಿಂದಲೂ ಕೇಳಬೇಕೆಂದು ನಮ್ಮ ವಿಜ್ಞಾಪನೆ.